ಬೊಂಬೆ ಮನೆಯ ಮರಗಳು

ದಸರಾ ಬೊಂಬೆಗಳ ಬಗ್ಗೆ ಪ್ರತಿ ವರ್ಷ ಪೇಪರಿನಲ್ಲಿ ಬರುತ್ತೆ. ಯಾರ ಮನೇಲಿ ಎಷ್ಟು ಸಾವಿರ ಬೊಂಬೆ, ಯಾವ ಸೆಟ್ಟು ಯಾವ ಊರಿಂದ ತಂದದ್ದು, ಮೇಲಿನ ಮೆಟ್ಟಿಲ ಮೇಲೆ ಏನಿಟ್ಟಿದ್ದಾರೆ, ಎಲ್ಲ. ಆದರೆ ಮೆಟ್ಟಿಲುಗಳ ಕೆಳಗೆ, ನೆಲದ ಮೇಲೆ ನಾವು ಕಾಡು, ಬೆಟ್ಟ, ಪಾರ್ಕು ಅಂತ ಮಾಡ್ತೀವಲ್ಲ, ಅದರಲ್ಲಿ ನೆಡೋ ಗೇಣುದ್ದದ ಮರಗಳ ಬಗ್ಗೆ ಯಾರೂ ಬರೆಯಲ್ಲ. ಬೊಂಬೆಗಳು ಹಬ್ಬ ಮುಗಿದ ಮೇಲೆ ಹಳೇ ಸೀರೆ ಸುತ್ತಿಕೊಂಡು ಪೆಟ್ಟಿಗೆ ಸೇರ್ತವೆ. ಅತ್ತೆಯಿಂದ ಸೊಸೆಗೆ, ತಾಯಿಯಿಂದ ಮಗಳಿಗೆ ಹೋಗ್ತವೆ. ಮರಗಳು ಪೊರಕೆ ಮೊರದ ಪಾಲು. ಉಳಿಯದೇ ಇರೋದಕ್ಕೆ ಚರಿತ್ರೆ ಎಲ್ಲಿಂದ ಬರಬೇಕು ಅಂತ ನೀವು ಕೇಳಬಹುದು. ಇದೆ. ಮನೇಲಿ ಯಾವ ಕಾಲಕ್ಕೆ ಯಾವ ಸಾಮಾನು ಮಿಗ್ತಿತ್ತೋ ಆ ಕಾಲದ ಮರ ಅದರಿಂದ ಆಗಿದೆ. ಹಾಗೆ ಹಿಡಿದುಕೊಂಡು ಹೋದರೆ ಸುಮಾರು ದೂರ ಹಿಂದಕ್ಕೆ ಹೋಗಬಹುದು.

ಮೊದಲು ಬೊಂಬೆ ವಿಷಯ ಬೇಗ ಹೇಳಿಬಿಡ್ತೀನಿ, ನಿಮಗೆ ಗೊತ್ತಿರೋದೇ. ವಿಜಯನಗರದ ಅರಸರು ಮಾಡ್ತಿದ್ದ ಮಹಾನವಮಿಯನ್ನ ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣದಲ್ಲಿ ಮುಂದುವರಿಸಿದರು. ಆಮೇಲೆ ಅದು ಮೈಸೂರಿಗೆ ಬಂತು. ಅರಮನೆಗೆ ಹೋದವರು ಒಳಗೆ ಕಾಲಿಡ್ತಿದ್ದ ಹಾಗೇ ಬೊಂಬೆ ತೊಟ್ಟಿ ನೋಡಿರ್ತೀರ. ಅರಮನೆ ಹಬ್ಬ ನೋಡಿ ಊರಿನ ಮನೆಗಳಲ್ಲೂ ಬೊಂಬೆ ಕೂರಿಸೋದು ಬೆಳೀತು. ಮದುವೆಯಲ್ಲಿ ಮಗಳಿಗೆ ರಾಜ ರಾಣಿ ಪಟ್ಟದ ಬೊಂಬೆ ಕೊಟ್ಟು ಕಳಿಸೋದು ನಮ್ಮ ಕಡೆ ಪದ್ಧತಿ. ಆ ಜೋಡಿಯೇ ಮೇಲೆ ಕೂರಬೇಕು, ಮಿಕ್ಕಿದ್ದೆಲ್ಲ ಅದರ ಕೆಳಗೆ.

ಇನ್ನು ಮರ. ನಮ್ಮಲ್ಲಿ ಬೊಂಬೆ ಮುಂದಿನ ಹಸಿರು ಅಂದರೆ ಮೊದಲು ಮೊಳಕೆಯೇ ಇರಬೇಕು ಅನ್ನೋದು ನನ್ನ ಲೆಕ್ಕ. ಬ್ರಹ್ಮೋತ್ಸವಕ್ಕೆ, ಮದುವೆಗೆ, ಉಪನಯನಕ್ಕೆ ಅಂಕುರಾರ್ಪಣೆ ಮಾಡ್ತಾರೆ. ಪಾಲಿಕೆಯಲ್ಲಿ ಮಣ್ಣು ಹಾಕಿ ನವಧಾನ್ಯ ಬಿತ್ತಿ ನೀರು ಬಿಡ್ತಾರೆ. ಉತ್ತರ ಕರ್ನಾಟಕದ ಕಡೆ ನವರಾತ್ರಿಗೆ ಘಟ ಹಾಕ್ತಾರಲ್ಲ, ಅಲ್ಲೂ ಮಣ್ಣಿನಲ್ಲಿ ಕಾಳು ಬಿತ್ತಿ ಒಂಬತ್ತು ದಿನ ಬೆಳೆಸೋದೇ. ನಮ್ಮ ಹಳೇ ಮೈಸೂರಿನ ಬೊಂಬೆ ಮನೆಯಲ್ಲಿ ಅದೇ ಕೆಲಸ ರಾಗಿ ಮಾಡ್ತು. ದೇವರ ಮುಂದಿನ ಪಾಲಿಕೆ ಬೊಂಬೆ ಮುಂದಿನ ಗದ್ದೆ ಆಗಿರಬಹುದು, ಯಾಕಂದ್ರೆ ಎರಡನ್ನೂ ಮಾಡ್ತಿದ್ದದ್ದು ಅದೇ ಮನೆಯ ಹೆಂಗಸರ ಕೈ. ರಾಗಿ ಪೈರಿನ ನಡುವೆ ಮಣ್ಣಿನ ಎತ್ತು, ನೇಗಿಲು ಹಿಡಿದ ರೈತ. ಆ ಬೊಂಬೆಗೆ ಎರಡು ಇಂಚಿನ ರಾಗಿ ಸೊಂಟದುದ್ದ ಬರುತ್ತೆ. ನಿಜವಾದ ಹೊಲದ ಹಾಗೇ.

ಬರೀ ಪೈರಿದ್ದರೆ ಕಾಡಾಗಲ್ಲ. ಕಾಡಿಗೆ ಕಡ್ಡಿ ಬೇಕು. ಮೈಸೂರಿನ ನಮ್ಮ ತಾತನ ಮನೆಯಲ್ಲಿ ಆ ಕಾಡು ಮಾಡ್ತಿದ್ದದ್ದು ತಾತನ ಅಕ್ಕ. ನಾವು ಮಕ್ಕಳು ದೊಡ್ಡಜ್ಜಿ ಅಂತಿದ್ವಿ. ಮದುವೆಯಾದ ಎರಡು ವರ್ಷಕ್ಕೇ ಗಂಡನ್ನ ಕಳಕೊಂಡು ತವರಿಗೆ ವಾಪಸ್ ಬಂದವರು. ಕೆಂಪು ಸೀರೆ, ತಲೆ ಮೇಲೆ ಸೆರಗು. ಬೊಂಬೆ ಕೂರಿಸೋ ದಿನ ಅವರು ಹಜಾರಕ್ಕೆ ಬರ್ತಿರಲಿಲ್ಲ. ಪಟ್ಟದ ಬೊಂಬೆ ಮುಟ್ತಿರಲಿಲ್ಲ. ಸಂಜೆ ಆರತಿಗೆ ಹೆಂಗಸರು ಬಂದಾಗ ಅರಿಶಿನ ಕುಂಕುಮದ ತಟ್ಟೆ ಅವರಿದ್ದ ಕಡೆ ಹೋಗ್ತಿರಲಿಲ್ಲ. ಆದರೆ ಆ ಒಂಬತ್ತು ದಿನ ಹಜಾರದಲ್ಲಿ ಎಲ್ಲರೂ ಬಗ್ಗಿ ಬಗ್ಗಿ ನೋಡ್ತಿದ್ದ ಕಾಡು, ತೋಪು, ತೆಂಗಿನ ಸಾಲು ಎಲ್ಲ ಹಿತ್ತಲ ಕೋಣೆಯಲ್ಲಿ ಕೂತು ಅವರು ಮಾಡಿಟ್ಟದ್ದು. ಅಮಾವಾಸ್ಯೆ ರಾತ್ರಿಯೊಳಗೆ ಮುಗಿಸಿ ಮೊರದಲ್ಲಿಟ್ಟು ನಮ್ಮ ಕೈಗೆ ಕೊಡೋರು. ಬಂದವರು "ಯಾರ್ರೀ ಮಾಡಿದ್ದು?" ಅಂದರೆ ನಮ್ಮಜ್ಜಿ "ಎಲ್ಲಾ ಮನೆಯವರೇ" ಅನ್ನೋರು. ಸುಳ್ಳೇನಲ್ಲ. ಆದರೂ ಮನೆಯವರು ಅನ್ನೋ ಮಾತಿನಲ್ಲಿ ಒಬ್ಬೊಬ್ಬರು ಎಷ್ಟು ಸುಲಭವಾಗಿ ಮಾಯ ಆಗ್ತಾರೆ ನೋಡಿ.

ಅವರ ತೆಂಗಿನ ಮರ ಹೇಗಿತ್ತು ಅಂದರೆ, ಏಳೆಂಟು ಹಂಚಿಕಡ್ಡಿ ಸೇರಿಸಿ ನೂಲು ಸುತ್ತಿ, ಅದರ ಮೇಲೆ ಒಣಗಿದ ಬಾಳೆ ನಾರು ಒತ್ತೊತ್ತಾಗಿ ಸುತ್ತೋರು. ಸುತ್ತಿದ ಕಡೆಯೆಲ್ಲ ಉಂಗುರ ಉಂಗುರ ಬರ್ತಿತ್ತು, ತೆಂಗಿನ ಬೊಡ್ಡೆ ಮೇಲೆ ಇರೋ ಹಾಗೆ. ಗಾಳಿಪಟದ ಹಸಿರು ಕಾಗದ ಉದ್ದಕ್ಕೆ ಮಡಚಿ, ಒಂದು ಅಂಚು ಕತ್ತರಿಯಿಂದ ಸಣ್ಣಗೆ ಹೆರೆದು, ನಡುವೆ ಒಂದು ಹಂಚಿಕಡ್ಡಿ ಇಟ್ಟು ಅಂಟಿಸಿದರೆ ಗರಿ. ಗರಿ ನೇರವಾಗಿ ನಿಲ್ಲಬಾರದು, ಬೆರಳಲ್ಲಿ ಎಳೆದು ಬಗ್ಗಿಸಬೇಕು, ತುದಿಯದು ಮಾತ್ರ ನೆಟ್ಟಗೆ. ಕಾಯಿಗೆ ಬಟಾಣಿ. ಮಾವಿನ ಮರಕ್ಕೆ ಸರ್ವೆ ಟೊಂಗೆ ತಂದು, ಅದಕ್ಕೆ ಕಡಲೆಬೇಳೆ ಅಂಟಿಸೋರು, ದೂರದಿಂದ ನೋಡಿದರೆ ರಸಪುರಿಯೇ. ಹಲಸಿಗೆ ಎಲಚಿಹಣ್ಣಿನ ಬೀಜ, ಮೈಯೆಲ್ಲ ಒರಟು ಇರುತ್ತಲ್ಲ ಅದಕ್ಕೆ. "ಹಲಸು ಮಾತ್ರ ಕೊಂಬೆಗೆ ಅಂಟಿಸಬೇಡ್ರೇ, ಬೊಡ್ಡೆಗೆ ಅಂಟಿಸಿ" ಅಂತ ಕೂಗಿ ಹೇಳೋರು. ಅಂಟಂದ್ರೆ ಮೈದಾ ಕುದಿಸಿದ್ದು. ಇರುವೆ ಜಿರಳೆ ಬರದೇ ಇರಲಿ ಅಂತ ಪುಸ್ತಕ ಬೈಂಡ್ ಮಾಡೋರು ಅದಕ್ಕೆ ಮೈಲುತುತ್ತ ಹಾಕ್ತಾರೆ. ವಿಷ ಅದು, ಮಕ್ಕಳಿರೋ ಮನೇಲಿ ಬೇಡ. ದೊಡ್ಡಜ್ಜಿ ಬೇವಿನ ಕಷಾಯದಲ್ಲೇ ಮೈದಾ ಕಲಸೋರು.

ಅವರ ಕಾಲದಲ್ಲೇ ಒಂದು ದೊಡ್ಡ ಬದಲಾವಣೆ ಆಯ್ತು. ಮೊದಲೆಲ್ಲ ಬೊಂಬೆ ಮುಂದೆ ಮಾಡ್ತಿದ್ದದ್ದು ಬೆಟ್ಟ ಮತ್ತು ಕಾಡು. ಚಾಮುಂಡಿ ಬೆಟ್ಟ, ಮೆಟ್ಟಿಲು, ನಡುವೆ ನಂದಿ. ಇಲ್ಲದಿದ್ರೆ ರಾಮನ ವನವಾಸ. 1932ರ ಹೊತ್ತಿಗೆ ಕನ್ನಂಬಾಡಿ ಕಟ್ಟೆ ಕೆಳಗೆ ಬೃಂದಾವನ ಆಯ್ತು. ಸರ್ ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ ಮಾಡಿಸಿದ್ದು. ನೋಡಿ ಬಂದವರೆಲ್ಲ ಮನೇಲಿ ಬೃಂದಾವನ ಮಾಡೋಕೆ ಶುರು ಮಾಡಿದರಂತೆ. ಕೊಳಕ್ಕೆ ಗೋಡೆ ಕನ್ನಡಿ ತೆಗೆದು ಮಲಗಿಸೋದು, ಅಂಚಿಗೆ ಮರಳು, ಎರಡೂ ಕಡೆ ಒಂದೇ ಅಳತೆಯ ಮರಗಳ ಸಾಲು. ಕಾಡಿನಲ್ಲಿ ಮರ ಹೇಗಿದ್ದರೂ ನಡೀತಿತ್ತು, ಸೊಟ್ಟ ಕಡ್ಡಿಯೇ ಚೆಂದ. ಬೃಂದಾವನಕ್ಕೆ ಹಾಗಲ್ಲ, ಕತ್ತರಿಸಿದ ಹಾಗೆ ಗುಂಡಗೆ, ಗೋಪುರದ ಹಾಗೆ ಚೂಪಗೆ ಬೇಕು. ಬೆಂಗಳೂರಲ್ಲಿ ಲಾಲ್‌ಬಾಗ್ ಇತ್ತು. ಹೈದರಾಲಿ 1760ರಲ್ಲಿ ಶುರು ಮಾಡಿದ ತೋಟ, 1889ರ ಗಾಜಿನ ಮನೆ, ಆಗಸ್ಟು ಜನವರಿಯಲ್ಲಿ ಫಲಪುಷ್ಪ ಪ್ರದರ್ಶನ. ಇಲ್ಲಿಯವರು ಗಾಜಿನ ಮನೆ ಮಾಡಿ ಸುತ್ತ ಮರ ನೆಡೋರು. ಹೀಗೆ ನಮ್ಮ ಹೆಂಗಸರ ಬಾಯಲ್ಲಿ ಕಾಡು ಹೋಗಿ ಪಾರ್ಕು ಬಂತು. ಈಗ ರಾಮ ಸೀತೆ ಲಕ್ಷ್ಮಣ ನಿಂತಿದ್ದರೂ ಅದು ಪಾರ್ಕೇ! ದೊಡ್ಡಜ್ಜಿಗೆ ಈ ಬೃಂದಾವನ ಅಷ್ಟು ಹಿಡಿಸ್ತಿರಲಿಲ್ಲ. ಮರಕ್ಕೆ ಕ್ಷೌರ ಮಾಡಿಸಿದ ಹಾಗಿದೆ ಅನ್ನೋರು. ತಲೆ ಬೋಳಿಸಿಕೊಂಡು ಕೂತಿದ್ದ ಹೆಂಗಸು ಆ ಮಾತು ಆಡ್ತಿದ್ದರು ಅನ್ನೋದು ನಮಗೆ ಆಗ ಹೊಳೀಲಿಲ್ಲ.

ನಾನು ಮದುವೆಯಾಗಿ ಬೆಂಗಳೂರಿಗೆ, ಈ ದೀಪಾಂಜಲಿ ನಗರಕ್ಕೆ ಬಂದಾಗ ಮರದ ಸಾಮಾನೇ ಬೇರೆ ಆಯ್ತು. ನಮ್ಮ ಹತ್ತಿರದಲ್ಲೇ ನ್ಯೂ ಟಿಂಬರ್ ಯಾರ್ಡ್ ಲೇಔಟ್ ಇದೆಯಲ್ಲ, ಅಲ್ಲಿನ ಮಿಲ್ಲುಗಳಿಂದ ಮರದ ಹೊಟ್ಟು ಮೂಟೆಗಟ್ಟಲೆ ಬರ್ತಿತ್ತು. ಬೊಂಬೆಗಲ್ಲ, ಸ್ನಾನದ ನೀರಿಗೆ. ಹೊಟ್ಟಿನ ಒಲೆ ಈಗಿನ ಹುಡುಗಿಯರಿಗೆ ಗೊತ್ತಿರಲಿಕ್ಕಿಲ್ಲ. ತಗಡಿನ ಒಲೆ ನಡುವೆ ಒಂದು ದಪ್ಪ ಕೋಲು ನಿಲ್ಲಿಸಿ, ಸುತ್ತ ಹೊಟ್ಟು ಗಟ್ಟಿಯಾಗಿ ಜಡಿದು, ಕೋಲು ಮೆಲ್ಲಗೆ ಎಳೆದರೆ ನಡುವೆ ತೂತು ಉಳಿಯುತ್ತೆ, ಅದರಲ್ಲಿ ಬೆಂಕಿ ಹಿಡಿಸಿದರೆ ಗಂಟೆಗಟ್ಟಲೆ ಉರಿಯುತ್ತೆ. ಆ ಮೂಟೆಯಿಂದ ದಸರಾ ಹತ್ತಿರ ಬಂದಾಗ ಎರಡು ಪಾವು ಪಕ್ಕಕ್ಕೆ ತೆಗೆದಿಡೋದು. ಜರಡಿ ಹಿಡಿದರೆ ನಯವಾದದ್ದು ಹುಲ್ಲುಹಾಸಿಗೆ, ದಪ್ಪದ್ದು ಮರದ ಎಲೆಗೆ. ಅರಿಶಿನಕ್ಕೆ ಬಟ್ಟೆಯ ನೀಲಿ ಬೆರೆಸಿದರೆ ಹಸಿರು ಬರುತ್ತೆ, ಬಣ್ಣ ಕೊಳ್ಳೋ ಖರ್ಚಿಲ್ಲ. ಅರಿಶಿನ ಜಾಸ್ತಿ ಆದರೆ ಚಿಗುರಿನ ಬಣ್ಣ, ನೀಲಿ ಜಾಸ್ತಿ ಆದರೆ ಹಲಸಿನೆಲೆ ಬಣ್ಣ. ಸುಣ್ಣ ತಾಗಿದ ಪಾತ್ರೆ ಮಾತ್ರ ಆಗಲ್ಲ, ಅರಿಶಿನ ಕೆಂಪಾಗಿ ನಿಮ್ಮ ಪಾರ್ಕು ಕುಂಕುಮದ ಬಟ್ಟಲಾಗುತ್ತೆ.

ಬೊಡ್ಡೆಗೆ ತಂತಿ ಬಂತು. ಮೋಟಾರ್ ವೈಂಡಿಂಗ್ ಅಂಗಡಿಯಲ್ಲಿ ಸುಟ್ಟ ಮೋಟಾರಿಂದ ಬಿಚ್ಚಿದ ತಾಮ್ರದ ತಂತಿ ಚೂರುಪಾರು ಕೇಳಿದರೆ ಕೊಡೋರು, ಆಗ ತಾಮ್ರಕ್ಕೆ ಈಗಿನ ರೇಟು ಇರಲಿಲ್ಲ. ಹದಿನೈದು ಇಪ್ಪತ್ತು ಎಳೆ ಒಟ್ಟಿಗೆ ಹಿಡಿದು ನಡುವೆ ಹುರಿ ಮಾಡಬೇಕು. ಕೆಳಗಿನ ತುದಿಗಳನ್ನ ಬಿಡಿಸಿದರೆ ಬೇರು, ಅದರ ಮೇಲೇ ಮರ ನಿಲ್ಲುತ್ತೆ. ಮೇಲಿನದನ್ನ ನಾಲ್ಕು ನಾಲ್ಕು ಎಳೆ ಬಿಡಿಸಿ ಹುರಿ ಮಾಡಿದರೆ ಕೊಂಬೆ, ಅದನ್ನ ಎರಡೆರಡು ಮಾಡಿದರೆ ರೆಂಬೆ. ಅಂಟು ಸವರಿ ಒಣಗಿದ ಕಾಫಿ ಚರಟದಲ್ಲಿ ಹೊರಳಿಸಿದರೆ ತೊಗಟೆ. ಚರಟ ಮಾತ್ರ ಎರಡು ಬಿಸಿಲು ಚೆನ್ನಾಗಿ ಕಾಯಬೇಕು, ಇಲ್ಲದಿದ್ರೆ ಅಷ್ಟಮಿ ಹೊತ್ತಿಗೆ ಮರಕ್ಕೆ ಬೂಷ್ಟು. ಆಮೇಲೆ ಇನ್ನೊಂದು ಸಲ ಅಂಟು ಮುಟ್ಟಿಸಿ ಹಸಿರು ಹೊಟ್ಟಿನಲ್ಲಿ ಅದ್ದೋದು. ಒಂದು ಮರಕ್ಕೆ ಒಂದು ಮಧ್ಯಾಹ್ನ.

ಫೋಮ್ ಹಾಸಿಗೆ ಬಂದ ಮೇಲೆ ಹರಿದ ದಿಂಬು, ಹಾಸಿಗೆಯ ಸ್ಪಂಜು ಮಿಗೋಕೆ ಶುರುವಾಯ್ತು. ಸ್ಪಂಜನ್ನ ಕತ್ತರಿಸಬಾರದು, ಚಿವುಟಬೇಕು, ಕತ್ತರಿ ಗುರುತು ಬಿದ್ದರೆ ಎಲೆಯ ಗುಂಪಿನ ಹಾಗೆ ಕಾಣಲ್ಲ. ಹಿಂದೊಂದು ಕಾಲದಲ್ಲಿ ಪಾತ್ರೆ ಉಜ್ಜೋಕೆ ಒಣಗಿಸಿದ ತುಪ್ಪದ ಹೀರೇಕಾಯಿ ನಾರು ಇಟ್ಕೊಳ್ತಿದ್ವಲ್ಲ, ಅದೂ ಆಗುತ್ತೆ, ಬಲೆ ಬಲೆ ಇರೋದರಿಂದ ಬೆಳಕು ನಡುವೆ ತೂರಿಬಂದು ನಿಜವಾದ ಮರದ ಹಾಗೇ ಇರುತ್ತೆ. ನನ್ನ ಕೇಳಿದರೆ ಎಲ್ಲಕ್ಕಿಂತ ಅದೇ ಮೇಲು. ಆಶ್ಚರ್ಯ ಅಂದರೆ ಇಂಗ್ಲೆಂಡಿನ ಕಡೆ ಆಟದ ರೈಲು ಜೋಡಿಸೋ ಗಂಡಸರು ಅದರ ಸುತ್ತ ಬೆಟ್ಟ ಮರ ಮಾಡೋದಕ್ಕೂ ಇವೇ ಸಾಮಾನು, ಬಣ್ಣ ಹಾಕಿದ ಮರದ ಹೊಟ್ಟು, ಹುರಿ ಮಾಡಿದ ತಂತಿ, ಹೀರೇ ನಾರು, ಮಿಕ್ಸಿಯಲ್ಲಿ ಪುಡಿ ಮಾಡಿದ ಸ್ಪಂಜು. ಅವರು ಅದಕ್ಕೆ ಪುಸ್ತಕ ಬರೆದರು, ಪತ್ರಿಕೆ ತಂದರು, ಪೊಟ್ಟಣ ಕಟ್ಟಿ ಮಾರಿದರು. ನಮ್ಮವರು ಗುಡಿಸಿ ಹಾಕಿದರು.

ಬೇರೆ ಕಡೆ ಇದು ಹೇಗಿದೆ ಅಂತ ಹುಡುಕಿದಾಗ ನನಗೆ ಬಹಳ ಇಷ್ಟವಾದದ್ದು ಜಪಾನಿನವರದು. ಅಲ್ಲಿ ಮಾರ್ಚ್ 3ಕ್ಕೆ ಹಿನಾ ಮತ್ಸುರಿ ಅಂತ ಹೆಣ್ಣುಮಕ್ಕಳ ಹಬ್ಬ. ನಮ್ಮ ಹಾಗೇ ಮೆಟ್ಟಿಲು, ಅದರ ಮೇಲೆ ಕೆಂಪು ಬಟ್ಟೆ, ಎಲ್ಲಕ್ಕಿಂತ ಮೇಲೆ ರಾಜ ರಾಣಿ. ಕೆಳಗಿನ ಮೆಟ್ಟಿಲಲ್ಲಿ ಎರಡು ಪುಟ್ಟ ಮರ ಇಡಲೇಬೇಕು, ಒಂದು ಕಡೆ ಚೆರ್ರಿ ಹೂವಿನ ಮರ, ಇನ್ನೊಂದು ಕಡೆ ಕಿತ್ತಳೆ ಜಾತಿಯ ಮರ. ಅವರ ಅರಮನೆ ಮುಂದೆ ಎರಡು ಮರ ಇದ್ದದ್ದರ ನೆನಪಿಗೆ. ಅಲ್ಲಿ ಮರವೂ ಸೆಟ್ಟಿನ ಜೊತೆ ಬರುತ್ತೆ, ಬೊಂಬೆ ಜೊತೆಯಲ್ಲೇ ಪೆಟ್ಟಿಗೆಗೆ ಹೋಗುತ್ತೆ. ಇಲ್ಲೇ ನಮ್ಮ ಬೆಂಗಳೂರಿನ ಕ್ರಿಶ್ಚಿಯನ್ನರ ಮನೆಗಳಲ್ಲಿ ಡಿಸೆಂಬರಿನಲ್ಲಿ ಗೋದಲಿ ಮಾಡ್ತಾರಲ್ಲ, ಅದರ ಮೂಲ 1223ರಲ್ಲಿ ಇಟಲಿಯ ಗ್ರೆಚ್ಚೊ ಊರಲ್ಲಿ ಸಂತ ಫ್ರಾನ್ಸಿಸರು ಮಾಡಿದ್ದಂತೆ. ಆದರೆ ಇಲ್ಲಿನ ಗೋದಲಿ ಸುತ್ತ ರಾಗಿ ಪೈರು ನೋಡಿದ್ದೀನಿ. ನಮ್ಮ ಹಿಂದಿನ ರಸ್ತೆಯ ಮೇರಿ ಹಬ್ಬ ಮಾಡೋ ಮನೆಯವರಿಗೆ ರಾಗಿ ಎಷ್ಟು ದಿನಕ್ಕೆ ಎಷ್ಟೆತ್ತರ ಬರುತ್ತೆ ಅನ್ನೋದು ನನಗಿಂತ ಚೆನ್ನಾಗಿ ಗೊತ್ತು, ಅವರು ಚಳಿಯಲ್ಲಿ ಬೆಳೆಸಬೇಕಲ್ಲ.

ಅಳತೆ ವಿಷಯಕ್ಕೆ ಒಂದು ಮಾತು, ಯಾಕಂದ್ರೆ ಮರ ಚೆನ್ನಾಗಿದ್ದೂ ಪಾರ್ಕು ಯಾಕೋ ಸರಿ ಕಾಣಲ್ಲ ಅಂತ ತುಂಬಾ ಜನ ಹೇಳ್ತೀರ. ಐದೂವರೆ ಅಡಿ ಮನುಷ್ಯ ಆರಿಂಚಿನ ಬೊಂಬೆ ಆದ ಅಂದರೆ ಹನ್ನೊಂದರಲ್ಲಿ ಒಂದು ಪಾಲು. ಆ ಲೆಕ್ಕಕ್ಕೆ 40 ಅಡಿ ಮಾವಿನ ಮರ ಮೂರೂವರೆ ಅಡಿ ಇರಬೇಕು. ಯಾರ ಮನೆ ಹಜಾರದಲ್ಲಿ ಜಾಗ ಇದೆ? ಅದಕ್ಕೇ ಹಿಂದಿನವರು ಪಾರ್ಕಿಗೆ ಎರಡಿಂಚಿನ ಬೊಂಬೆ ಬೇರೆಯಾಗಿ ಇಟ್ಟಿರೋರು. ಮರ ಒಂದಡಿ ಮಾಡಿದರೆ ಕಣ್ಣಿಗೆ ಒಪ್ಪುತ್ತೆ. ಮುಂದೆ ದೊಡ್ಡ ಮರ, ಹಿಂದಕ್ಕೆ ಹೋಗ್ತಾ ಸಣ್ಣ ಮರ, ಹಿಂದಿನದಕ್ಕೆ ನೀಲಿ ಸ್ವಲ್ಪ ಜಾಸ್ತಿ.

ಆಮೇಲೆ ಥರ್ಮಾಕೋಲ್ ಕಾಲ ಬಂತು. ಮಕ್ಕಳ ಸ್ಕೂಲ್ ಪ್ರಾಜೆಕ್ಟಿಂದ ಮನೆಯೊಳಗೆ ಬಂದು ಬೊಂಬೆ ಮನೆಯನ್ನೂ ಹಿಡೀತು. ಬೆಟ್ಟ ಥರ್ಮಾಕೋಲ್, ಮರ ಥರ್ಮಾಕೋಲ್, ಕೊನೆಗೆ ಮೆಟ್ಟಿಲಿಗೂ ಅದೇ. ಚೂರುಗಳು ಹಾರಿ ಹಾರಿ ಮುಂದಿನ ಯುಗಾದಿವರೆಗೂ ಮಂಚದ ಕೆಳಗೆ ಸಿಗ್ತಿದ್ದವು. 2022ರ ಜುಲೈ 1ರಿಂದ ಅಲಂಕಾರಕ್ಕೆ ಬಳಸೋ ಥರ್ಮಾಕೋಲನ್ನ ದೇಶದಲ್ಲೇ ನಿಷೇಧ ಮಾಡಿದ್ದಾರೆ. ಒಳ್ಳೇದೇ ಆಯ್ತು. ಅದರ ಜಾಗಕ್ಕೆ ರೆಡಿ ಪ್ಲಾಸ್ಟಿಕ್ ಮರದ ಪ್ಯಾಕೆಟ್ ಬಂದಿದೆ. ಅದರಲ್ಲಿ ತೆಂಗು ಒಂದು ಬಂದರೆ ಪೈನ್ ಮರ ನಾಲ್ಕು. ನಮ್ಮ ಶ್ರವಣಕುಮಾರ ಅಪ್ಪ ಅಮ್ಮನ್ನ ಹೊತ್ಕೊಂಡು ಪೈನ್ ಮರದ ಕೆಳಗೆ ನಿಂತಿದ್ದರೆ ಏನು ಚೆಂದ ಹೇಳಿ.

ಇನ್ನೊಂದಿದೆ. ಪಾರ್ಕಿಗೆ ಯಾವ ಮರ ಮಾಡಬೇಕು ಅಂದರೆ ಮೊದಲು ಹೊರಗೆ ನೋಡ್ತಿದ್ವಿ. ಮೈಸೂರು ರಸ್ತೆಯ ದೊಡ್ಡ ಮರಗಳು ರಸ್ತೆ ಅಗಲ ಮಾಡೋವಾಗ ಕೆಲವು, ಮೆಟ್ರೋ ಬರೋವಾಗ ಕೆಲವು ಹೋದವು. 2015ರಲ್ಲಿ ನಮ್ಮ ದೀಪಾಂಜಲಿ ನಗರ ಸ್ಟೇಷನ್ ಶುರುವಾಯ್ತು, ಮೆಜೆಸ್ಟಿಕ್ಕಿಗೆ ಹೋಗೋದು ಸುಲಭ ಆಯ್ತು, ಇಲ್ಲ ಅನ್ನಲ್ಲ. ಆದರೆ ಹೋದ ವರ್ಷ ಬೊಂಬೆ ನೋಡೋಕೆ ಬಂದ ಪಕ್ಕದ ಮನೆ ಹುಡುಗಿ ನಾನು ಮಾಡಿದ್ದ ಆಲದ ಮರದ ಬಿಳಲು ಹಿಡಿದು, "ಆಂಟಿ, ಇದು ಯಾಕೆ ಕೂದಲು ಬಿಟ್ಟಿದೆ?" ಅಂದಳು. ತೆಂಗಿನ ನಾರಿನಿಂದ ಮಾಡಿದ್ದೆ, ಕೂದಲಿನ ಹಾಗೇ ಇತ್ತು. ಅವಳು ಆಲದ ಮರ ನೋಡಿರಲಿಲ್ಲ. ಅಲ್ಲಿಂದ ನಾನು ಹೊರಗೆ ಕಮ್ಮಿಯಾದದ್ದನ್ನೇ ಆರಿಸಿ ಮಾಡ್ತಿದ್ದೀನಿ. ಹುಣಸೆ, ಆಲ, ಅತ್ತಿ, ಹೊಂಗೆ. ಹುಣಸೆಗೆ ಎಲೆ ಸಣ್ಣ, ನಯವಾದ ಹೊಟ್ಟೇ ಆಗಬೇಕು. ಅತ್ತಿಗೆ ಸಾಸಿವೆ ಕಾಳು ಗೊಂಚಲು ಗೊಂಚಲಾಗಿ ಬೊಡ್ಡೆಗೇ.

ತಾತನ ಮನೆ ಬೊಂಬೆ ಪೆಟ್ಟಿಗೆ ಈಗ ನನ್ನ ಹತ್ತಿರ ಇದೆ. ಅದರಲ್ಲಿ ನಮ್ಮಜ್ಜಿ ಕೈಬರಹದ ಒಂದು ಪಟ್ಟಿ ಇದೆ, ಯಾವ ಬೊಂಬೆ ಯಾರು ಕೊಟ್ಟದ್ದು, ಯಾವುದಕ್ಕೆ ಕೈ ಮುರಿದಿದೆ, ಎಲ್ಲ ಬರೆದಿದ್ದಾರೆ. ಕೊನೆಗೆ ಖರ್ಚಿನ ಬಾಬ್ತು ಒಂದೇ ಸಾಲು, ಹಸಿರು ಕಾಗದ ನಾಲ್ಕು ಹಾಳೆ, ಮೈದಾ ಅರ್ಧ ಪಾವು. ದೊಡ್ಡಜ್ಜಿಯ ಕಾಡಿನ ಗುರುತು ಅಂತ ಬರವಣಿಗೆಯಲ್ಲಿ ಉಳಿದಿರೋದು ಅಷ್ಟೇ. ಅವರ ಕೈಯ ಒಂದು ಮರವೂ ಇಲ್ಲ. ಆ ಪಟ್ಟಿಯ ಕೆಳಗೆ ನಾನು ಮರಗಳನ್ನೂ ಸೇರಿಸಿ ಬರೀತಿದ್ದೀನಿ, ಯಾವುದು ಯಾವುದರಿಂದ ಮಾಡಿದ್ದು, ಹೇಗೆ ಅಂತ. ತೆಂಗಿನ ಮರದ ಮುಂದೆ ಅವರ ಹೆಸರು ಹಾಕಿದ್ದೀನಿ. ತಂತಿ ಮರಗಳನ್ನ ಈಗ ಬಿಸಾಕಲ್ಲ, ಹಳೇ ಬೆಡ್‌ಷೀಟಲ್ಲಿ ಸುತ್ತಿ ಎರಡು ಕರ್ಪೂರ ಹಾಕಿ ಇಡ್ತೀನಿ, ವರ್ಷಕ್ಕೊಂದು ಸಲ ಎಲೆ ಮಾತ್ರ ಹೊಸದು.

ರಾಗಿ ಯಾವಾಗ ಹಾಕಬೇಕು ಅಂತ ಕೇಳಿದವರಿಗೆ. ಪಾಡ್ಯಕ್ಕೇ ಹಸಿರು ಇರಲಿ ಅಂದರೆ ಪಿತೃಪಕ್ಷದಲ್ಲಿ ಬಿತ್ತಬೇಕಾಗುತ್ತೆ, ಕೆಲವರ ಮನೇಲಿ ಅದಾಗಲ್ಲ. ನಮ್ಮಲ್ಲಿ ಪಾಡ್ಯದ ದಿನವೇ ಬಿತ್ತೋದು. ಹಿಂದಿನ ರಾತ್ರಿ ರಾಗಿ ನೆನೆಸಿ, ಜರಡಿ ಹಿಡಿದ ಮಣ್ಣನ್ನ ತಟ್ಟೆಯಲ್ಲಿ ಒಂದಿಂಚು ಹರಡಿ, ರಾಗಿ ಒತ್ತಾಗಿ ಉದುರಿಸಿ, ಮೇಲೆ ತೆಳ್ಳಗೆ ಮಣ್ಣು ಉದುರಿಸಿ, ಎರಡು ದಿನ ಒದ್ದೆ ಬಟ್ಟೆ ಮುಚ್ಚಿಡಿ. ನೀರು ಚೆಲ್ಲಬೇಡಿ, ಕೈಯಲ್ಲಿ ಚಿಮುಕಿಸಿ. ಮೂರನೇ ದಿನ ಬಟ್ಟೆ ತೆಗೆದು ಬೆಳಕಿಗಿಟ್ಟರೆ ಸಪ್ತಮಿ ಸರಸ್ವತಿ ಪೂಜೆ ಹೊತ್ತಿಗೆ ಪೈರು ನಿಂತಿರುತ್ತೆ. ಬೇಗ ಬೇಕು ಅಂದರೆ ಮೆಂತ್ಯ. ಕೊತ್ತಂಬರಿ ಬೀಜ ಹಾಕಬೇಡಿ, ಅದು ಮೊಳೆಯೋ ಹೊತ್ತಿಗೆ ನೀವು ಬೊಂಬೆ ಎತ್ತಿ ಒಳಗಿಟ್ಟಿರ್ತೀರ.